ಪುಟ ಸುಳ್ಳಾಗದಂತೆ ಕಾಯುವ ಕೆಲಸ

ಮಗಳೇ,

ಯುನಿಕ್ಸ್ ಮಾದರಿಯ ಆಪರೇಟಿಂಗ್ ಸಿಸ್ಟಂನ ಮ್ಯಾನ್ ಪೇಜುಗಳನ್ನು, ಎಂದರೆ ಅದರ ಕೈಪಿಡಿಯ ಪುಟಗಳನ್ನು, ತಿದ್ದಿ ನೋಡಿಕೊಳ್ಳುವ ಕೆಲಸಕ್ಕೆ ಕೈಹಾಕಬೇಕೆಂದು ನಿನಗೆ ಮನಸ್ಸಾಗಿದೆ. ಹುಬ್ಬಳ್ಳಿಯ ಕಾಲೇಜಿನಲ್ಲಿ ನಿನ್ನ ಜೊತೆಯವರು ‘ಕೋಡ್ ಬರೆಯಲು ಬಾರದವರು ಮಾಡುವ ಕೆಲಸ ಅದು’ ಅಂದರಂತೆ. ನಿನ್ನ ಪತ್ರ ಓದಿದಾಗಿನಿಂದ ಉತ್ತರ ಬರೆಯದೆ ನನಗೆ ಸಮಾಧಾನವಿಲ್ಲ. ಬೆಂಗಳೂರಿನಲ್ಲಿ ಯುನಿಕ್ಸ್ ನಡುವೆಯೇ ನೌಕರಿ ಮಾಡಿ, ಈಗ ಯಮನೂರಿನ ಮನೆಯಲ್ಲಿ ಕೂತಿರುವ ನಿನ್ನ ದೊಡ್ಡಪ್ಪನಿಗೆ ಈ ವಿಷಯದಲ್ಲಿ ಹೇಳುವುದಿದೆ. ಸಮಾಧಾನದಿಂದ ಓದು.

ಮೊದಲು ಒಂದು ಪುಟವನ್ನೇ ತೆಗೆದು ನೋಡೋಣ. ಟರ್ಮಿನಲ್‌ನಲ್ಲಿ ‘ಮ್ಯಾನ್ 2 ಕ್ಲೋಸ್’ ಎಂದು ಬರೆ. ತೆರೆದ ಫೈಲನ್ನು ಮುಚ್ಚು ಎಂದು ಪ್ರೋಗ್ರಾಂ ಸಿಸ್ಟಂನ ತಿರುಳಾದ ಕರ್ನೆಲ್ಲಿಗೆ ಮಾಡುವ ಕರೆ, ಎಂದರೆ ಸಿಸ್ಟಂ ಕಾಲ್, ಅದು. ಅದರಲ್ಲಿ ಹೇಳುವುದೇನಿದೆ ಅನ್ನಿಸಬಹುದು. ಮುಚ್ಚುವಾಗ ನಡುವೆ ಒಂದು ಸಿಗ್ನಲ್ ಬಂದು ಕರೆ ತುಂಡಾಗಿ ಎರರ್ ಬಂತು ಎಂದುಕೋ. ಆಗ ಫೈಲ್ ಮುಚ್ಚಿತೋ ಇಲ್ಲವೋ? ಯಾವ ಹುಡುಗನನ್ನು ಕೇಳಿದರೂ ‘ಎರರ್ ಬಂತಲ್ಲ, ಮತ್ತೊಮ್ಮೆ ಕ್ಲೋಸ್ ಮಾಡಿದರಾಯಿತು’ ಅನ್ನುತ್ತಾನೆ. ಬೇರೆ ಕರೆಗಳಲ್ಲಿ ಹಾಗೆ ಮಾಡುವುದು ಸರಿಯೂ ಹೌದು. ಆದರೆ ಲಿನಕ್ಸ್‌ನಲ್ಲಿ ಇಲ್ಲಿ ಅದು ತಪ್ಪು. ಕರ್ನೆಲ್ ಆ ಫೈಲ್ ಡಿಸ್ಕ್ರಿಪ್ಟರಿನ ಸಂಖ್ಯೆಯನ್ನು ಮೊದಲೇ ಬಿಟ್ಟುಕೊಟ್ಟಿರುತ್ತದೆ. ಎರರ್ ಹುಟ್ಟುವುದು ಆಮೇಲಿನ ಹಂತದಲ್ಲಿ. ಅಷ್ಟರಲ್ಲಿ ಅದೇ ಪ್ರೋಗ್ರಾಮಿನ ಇನ್ನೊಂದು ಥ್ರೆಡ್ ಬೇರೊಂದು ಫೈಲ್ ತೆರೆದಿದ್ದರೆ ಅದೇ ಸಂಖ್ಯೆ ಅದಕ್ಕೆ ಸಿಕ್ಕಿರಬಹುದು. ನೀನು ಎರಡನೇ ಸಲ ಕ್ಲೋಸ್ ಮಾಡಿದಾಗ ಮುಚ್ಚಿಹೋಗುವುದು ಆ ಇನ್ನೊಂದು ಫೈಲು. ಎಚ್‌ಪಿ-ಯುಎಕ್ಸ್‌ನಲ್ಲಿ ಇದು ಬೇರೆ ಥರ, ಅಲ್ಲಿ ಮತ್ತೆ ಕರೆಯಲೇಬೇಕು. ಯುನಿಕ್ಸ್ ಮಾದರಿಯ ಸಿಸ್ಟಂಗಳಿಗೆಲ್ಲ ಸಾಮಾನ್ಯವಾದ ಪೋಸಿಕ್ಸ್ ಮಾನದಂಡದ 2008ರ ಆವೃತ್ತಿಯಂತೂ ಆ ಸ್ಥಿತಿಯಲ್ಲಿ ಏನಾಗುತ್ತದೆಂದು ನಿಗದಿ ಮಾಡದೇ ಬಿಟ್ಟಿತ್ತು. ಇಷ್ಟೂ ವಿಷಯ ಆ ಪುಟದ ನೋಟ್ಸ್ ಭಾಗದಲ್ಲಿದೆ. ಅದನ್ನು ಬರೆದವರಿಗೆ ಕರ್ನೆಲ್ ಕೋಡ್ ಓದಲು ಬರುತ್ತಿತ್ತು, ಮಾನದಂಡ ಓದಲು ಬರುತ್ತಿತ್ತು, ಬೇರೆ ಯುನಿಕ್ಸ್‌ಗಳ ಗುಣ ಗೊತ್ತಿತ್ತು. ಕೋಡ್ ಬರೆಯಲು ಬಾರದವರ ಕೆಲಸವೇ ಇದು? ನಿನ್ನ ಜೊತೆಯವರನ್ನು ಕೂರಿಸಿಕೊಂಡು ಈ ಒಂದು ಪುಟ ಓದಿಸು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಈ ಕೆಲಸದಲ್ಲಿ ಬರೆಯುವುದು ಸಣ್ಣ ಭಾಗ, ಕಾಯುವುದೇ ದೊಡ್ಡದು. ಬರೆದ ದಿನ ನಿಜವಾಗಿದ್ದ ಪುಟ, ಯಾರೂ ಮುಟ್ಟದೆ ಇದ್ದರೂ, ಕೆಲವು ವರ್ಷಗಳಲ್ಲಿ ಸುಳ್ಳಾಗುತ್ತದೆ. ಅಕ್ಷರ ಬದಲಾಗದಿದ್ದರೂ ಅದರ ಕೆಳಗಿನ ಕೋಡ್ ಬದಲಾಗಿರುತ್ತದೆ. ನಮ್ಮ ಬೆಣ್ಣಿಹಳ್ಳ ನಿನಗೆ ಗೊತ್ತಲ್ಲ. ಹೋಳಿ ಮುಗಿದು ಚಾಂಗದೇವರ ಜಾತ್ರೆಗೆ ಪರವೂರಿನ ಜನ ಬಂದು ಹಳ್ಳದಲ್ಲಿ ಮೀಯಲು ಇಳಿಯುವಾಗ, ಎಲ್ಲಿ ಕಾಲಿಟ್ಟರೆ ನೆಲ ಗಟ್ಟಿ, ಎಲ್ಲಿ ಎರಿಮಣ್ಣಿನ ಹೂಳು ಕೂತಿದೆ ಎಂದು ಹೇಳುವವರು ಊರಿನ ಹಿರಿಯರು. ಆದರೆ ಮಳೆಗಾಲದಲ್ಲಿ ಒಂದು ಪ್ರವಾಹ ಬಂದು ಹೋಯಿತೆಂದರೆ ಆ ತಿಳಿವಳಿಕೆ ಹಳತಾಯಿತು. ಮತ್ತೆ ಹಳ್ಳಕ್ಕೆ ಇಳಿದು ಕೋಲು ಊರಿ ನೋಡದೆ, ಹೋದ ವರ್ಷದ ನೆನಪಿನ ಮೇಲೆ ದಾರಿ ಹೇಳುವವನು ಜನರನ್ನು ಹೂಳಿಗೆ ಕಳಿಸುತ್ತಾನೆ. ಪುಟ ಇಲ್ಲದಿದ್ದರೆ ಓದುಗ ಎಚ್ಚರದಿಂದಾದರೂ ಇರುತ್ತಾನೆ. ಪುಟವಿದ್ದು ಅದು ಸುಳ್ಳಾಗಿದ್ದರೆ ಧೈರ್ಯದಿಂದ ನಡೆದು ಮುಳುಗುತ್ತಾನೆ.

ಲಿನಕ್ಸ್‌ನಲ್ಲಿ ಈ ಅಪಾಯ ಹೆಚ್ಚು. ಅಲ್ಲಿ ಕರ್ನೆಲ್ ಒಂದು ಕಡೆ, ಸಿ ಲೈಬ್ರರಿ ಇನ್ನೊಂದು ಕಡೆ, ಕೈಪಿಡಿ ಪುಟಗಳು ಮೂರನೆಯ ಕಡೆ ಬೆಳೆಯುತ್ತವೆ. ಕರ್ನೆಲ್‌ಗೆ ಹೊಸ ಫ್ಲ್ಯಾಗ್ ಸೇರಿಸಿದವನು ಪುಟಕ್ಕೂ ನಾಲ್ಕು ಸಾಲು ಬರೆದು ಕಳಿಸಬೇಕೆಂಬ ಕಟ್ಟುಪಾಡು ಬಿಗಿಯಾಗಿಲ್ಲ. ಓಪನ್‌ಬಿಎಸ್‌ಡಿಯವರ ಪದ್ಧತಿ ನನಗೆ ಹೆಚ್ಚು ಹಿಡಿಸುತ್ತದೆ. ಯುನಿಕ್ಸ್ ಮಾದರಿಯ ಆ ಸಿಸ್ಟಂನಲ್ಲಿ ಕೋಡೂ ಪುಟವೂ ಒಂದೇ ಸೋರ್ಸ್ ಟ್ರೀಯಲ್ಲಿವೆ. ನಡವಳಿಕೆ ಬದಲಿಸಿದರೆ ಪುಟವನ್ನೂ ಬದಲಿಸಬೇಕು. ಪುಟದಲ್ಲಿನ ತಪ್ಪನ್ನು ಪ್ರೋಗ್ರಾಮಿನ ತಪ್ಪಿನಷ್ಟೇ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ನೀನು ಮುಂದೆ ಯಾವ ಕಂಪನಿಗೆ ಸೇರಿದರೂ ಈ ಪದ್ಧತಿಯನ್ನು ಜೊತೆಗೆ ಒಯ್ಯಿ.

ಪುಟವನ್ನು ಹೀಗೆ ಗಂಭೀರವಾಗಿ ಕಾಣುವುದು ಯುನಿಕ್ಸ್‌ನ ಹುಟ್ಟಿನಲ್ಲೇ ಇದ್ದ ಗುಣ. 1971ರ ನವೆಂಬರ್ 3ರಂದು ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಮ್ಸನ್ ಮತ್ತು ಡೆನ್ನಿಸ್ ರಿಚಿ ಮೊದಲ ಕೈಪಿಡಿ ಹೊರತಂದರು. ಅದರ ಹಿಂದಿದ್ದ ಒತ್ತಾಯ ಅವರ ಮೇಲಿನವರಾಗಿದ್ದ ಡಗ್ ಮೆಕಿಲ್‌ರಾಯ್ ಅವರದು. ಆ ಪುಟಗಳಲ್ಲಿ ‘ಬಗ್ಸ್’ ಎಂಬ ತಲೆಬರಹ ಆಗಲೇ ಇತ್ತು. ತಾವೇ ಮಾಡಿದ ಪ್ರೋಗ್ರಾಮಿನ ದೋಷವನ್ನು ತಾವೇ ಅಚ್ಚುಹಾಕಿಸಿದ ಜನ ಅವರು. ‘ಓನರ್’ ಎಂಬ ತಲೆಬರಹವೂ ಇತ್ತು. ಈ ಪ್ರೋಗ್ರಾಂ ಯಾರ ಜವಾಬ್ದಾರಿ ಎಂದು ಅಲ್ಲಿ ಬರೆಯುತ್ತಿದ್ದರು. ಮೆಕಿಲ್‌ರಾಯ್ ನೆನಪಿಸಿಕೊಂಡಿರುವ ಇನ್ನೊಂದು ಸಂಗತಿ ನನಗೆ ಬಹಳ ಪ್ರಿಯವಾದದ್ದು. ಪುಟ ಬರೆಯಲು ಕೂತಾಗ ಯಾವುದಾದರೂ ನಡವಳಿಕೆಯನ್ನು ವಿವರಿಸಲು ನಾಚಿಕೆಯಾದರೆ, ಅವರು ವಿವರಣೆಯನ್ನು ಸುತ್ತಿ ಬಳಸಿ ಬರೆಯುತ್ತಿರಲಿಲ್ಲ, ಹೋಗಿ ಪ್ರೋಗ್ರಾಮನ್ನೇ ಸರಿಮಾಡುತ್ತಿದ್ದರು.

ಇದು ಹಳೆಯ ಕಾಲದ ಕಥೆ ಎಂದುಕೊಳ್ಳಬೇಡ. 2007ರಲ್ಲಿ ಲಿನಕ್ಸ್ ಕರ್ನೆಲ್ 2.6.22ರಲ್ಲಿ ಟೈಮರ್‌ಎಫ್‌ಡಿ ಎಂಬ ಹೊಸ ಸಿಸ್ಟಂ ಕಾಲ್ ಬಂತು. ಆಗ ಮ್ಯಾನ್ ಪೇಜುಗಳನ್ನು ನೋಡಿಕೊಳ್ಳುತ್ತಿದ್ದವರು ಮೈಕೆಲ್ ಕೆರಿಸ್ಕ್. ಅವರು ಅದರ ಬಗ್ಗೆ ಬರೆಯಹೊರಟು, ಪರೀಕ್ಷಿಸಿ ನೋಡಿ, ಅದರ ವಿನ್ಯಾಸದಲ್ಲೇ ಕೊರತೆ ಇದೆಯೆಂದು ಕಂಡರು. ಟೈಮರನ್ನು ಹೊಸ ಸಮಯಕ್ಕೆ ಇಟ್ಟಾಗ ಹಳೆಯದು ಎಷ್ಟು ಉಳಿದಿತ್ತೆಂದು ತಿಳಿಯುವ ದಾರಿ ಇರಲಿಲ್ಲ. ಹಳೆಯ ಟೈಮರ್ ಕರೆಗಳಲ್ಲಿ ಅದು ಇತ್ತು. ಅವರು ಬಿಡದೆ ವಾದಿಸಿದರು. ಮುಂದಿನ ಆವೃತ್ತಿಯಲ್ಲಿ ಕರ್ನೆಲ್ಲಿನವರು ಆ ಕರೆಯನ್ನು ತಡೆಹಿಡಿದರು. 2008ರಲ್ಲಿ 2.6.25ರ ಹೊತ್ತಿಗೆ ಮೂರು ಬೇರೆ ಕರೆಗಳಾಗಿ, ಸರಿಯಾದ ರೂಪದಲ್ಲಿ ಅದು ಮರಳಿ ಬಂತು. ಇವತ್ತು ಲಿನಕ್ಸ್ ಓಡುವ ಎಷ್ಟೋ ಯಂತ್ರಗಳಲ್ಲಿ ಇರುವುದು ಆ ತಿದ್ದಿದ ರೂಪ. ಒಮ್ಮೆ ಜನ ಬಳಸತೊಡಗಿದ ಸಿಸ್ಟಂ ಕಾಲನ್ನು ಆಮೇಲೆ ಬದಲಿಸಲು ಬರುವುದಿಲ್ಲ, ಬದಲಿಸಿದರೆ ಎಲ್ಲರ ಪ್ರೋಗ್ರಾಮೂ ಮುರಿಯುತ್ತದೆ. ಹಾಗಾಗಿ ಬಾಗಿಲು ಮುಚ್ಚುವ ಮೊದಲು ಪ್ರಶ್ನೆ ಕೇಳುವ ಕೊನೆಯ ವ್ಯಕ್ತಿ, ಬಹಳ ಸಲ, ಪುಟ ಬರೆಯುವವನೇ.

ಪುಟವನ್ನು ನಂಬಿದವರಿಗೆ ಎಷ್ಟು ದೂರದ ಪೆಟ್ಟು ಬೀಳಬಹುದು ಎಂಬುದಕ್ಕೆ ಎಫ್‌ಸಿಂಕ್ ನೋಡು. ಬರೆದ ಮಾಹಿತಿ ನಿಜಕ್ಕೂ ಡಿಸ್ಕಿಗೆ ಇಳಿಯಲಿ ಎಂದು ಕೇಳುವ ಕರೆ ಅದು. ನಾಡಕಚೇರಿಯಲ್ಲಿ ಪಹಣಿ, ಸೊಸೈಟಿಯಲ್ಲಿ ಸಾಲದ ಲೆಕ್ಕ, ಎಲ್ಲಿ ಯಾವ ಡೇಟಾಬೇಸ್ ಇದ್ದರೂ ‘ಉಳಿಸಿದೆ’ ಎಂದು ಅದು ಹೇಳುವ ಮಾತಿನ ಕೆಳಗೆ ಇಂಥದ್ದೊಂದು ಕರೆ ಇರುತ್ತದೆ. 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸಿನವರು ಗಾಬರಿಯಾಗುವಂಥ ವಿಷಯ ಕಂಡರು. ಎಫ್‌ಸಿಂಕ್ ಒಮ್ಮೆ ವಿಫಲವಾದರೆ ಮತ್ತೆ ಕರೆಯಬಹುದು, ಎರಡನೇ ಸಲ ಸರಿಹೋದರೆ ಎಲ್ಲ ಸರಿ ಎಂದು ಅವರು ಬಹಳ ವರ್ಷ ನಂಬಿದ್ದರು. ಲಿನಕ್ಸ್ ಮಾಡುತ್ತಿದ್ದದ್ದು ಬೇರೆ. ಬರೆಯಲು ಆಗದೇ ಹೋದ ಮೆಮರಿ ಪುಟಗಳನ್ನು ಅದು ‘ಬರೆದಾಯಿತು’ ಎಂದು ಗುರುತಿಸಿಬಿಡುತ್ತಿತ್ತು. ಎರಡನೇ ಕರೆ ಸುಮ್ಮನೆ ಯಶಸ್ಸು ಎಂದು ಮರಳುತ್ತಿತ್ತು. ಮಾಹಿತಿ ಮಾತ್ರ ಹೋಗಿರುತ್ತಿತ್ತು. 2019ರ ಆರಂಭದಲ್ಲಿ ಪೋಸ್ಟ್‌ಗ್ರೆಸ್‌ನವರು ದಾರಿ ಬದಲಿಸಿದರು: ಎಫ್‌ಸಿಂಕ್ ವಿಫಲವಾದರೆ ಡೇಟಾಬೇಸನ್ನು ಅಲ್ಲಿಗೇ ನಿಲ್ಲಿಸಿ, ಲಾಗ್‌ನಿಂದ ಮತ್ತೆ ಕಟ್ಟಿಕೊಳ್ಳುವುದು. ವಿಫಲವಾದ ಮೇಲೆ ಏನಾಗುತ್ತದೆ ಎಂಬ ಒಂದು ಪ್ಯಾರಾ ಮೊದಲಿನಿಂದ ಸ್ಪಷ್ಟವಾಗಿ ಪುಟದಲ್ಲಿ ಇದ್ದಿದ್ದರೆ, ಅಷ್ಟು ಜಾಣರು ಅಷ್ಟು ವರ್ಷ ತಪ್ಪು ನಂಬಿಕೆಯಲ್ಲಿ ಇರುತ್ತಿದ್ದರೇ? ನನಗೆ ಹಾಗನ್ನಿಸುವುದಿಲ್ಲ. ಕರೆ ಸಫಲವಾದರೆ ಏನಾಗುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ನೀನು ವಿಫಲವಾದ ಮೇಲಿನದ್ದನ್ನು ಬರೆ. ಓದುಗ ರಾತ್ರಿ ಎರಡು ಗಂಟೆಗೆ ಪುಟ ತೆರೆಯುವುದು ಅದಕ್ಕಾಗಿ.

ಸಿ ಭಾಷೆಯಲ್ಲಿ ಒಂದು ಸಾಲು ಓದಿಕೊಳ್ಳುವ ಗೆಟ್ಸ್ ಫಂಕ್ಷನ್ನಿನ ಪುಟವನ್ನೂ ನೋಡಿರುತ್ತೀ. ಅದನ್ನು ಎಂದೂ ಬಳಸಬೇಡ ಎಂದು ಪುಟ ನೇರವಾಗಿ ಹೇಳುತ್ತದೆ, ಯಾಕೆಂಬುದನ್ನೂ ಹೇಳುತ್ತದೆ. ಎಷ್ಟು ಅಕ್ಷರ ಬರುತ್ತದೆಂದು ಮೊದಲೇ ತಿಳಿಯುವ ದಾರಿಯಿಲ್ಲದೆ ಬಫರ್ ತುಂಬಿ ಹರಿಯುತ್ತದೆ. 1988ರ ನವೆಂಬರಿನಲ್ಲಿ ಇಂಟರ್ನೆಟ್ಟನ್ನು ನಡುಗಿಸಿದ ಮಾರಿಸ್ ವರ್ಮ್ ಒಳನುಗ್ಗಿದ ದಾರಿಗಳಲ್ಲಿ ಅದೂ ಒಂದು. 2011ರ ಸಿ ಮಾನದಂಡದಿಂದ ಆ ಫಂಕ್ಷನ್ ಹೊರಹೋಯಿತು. ಕಠಿಣವಾಗಿ ಹೇಳಬೇಕಾದ ಕಡೆ ಕಠಿಣವಾಗಿ ಹೇಳಲು ಹಿಂಜರಿಯಬೇಡ.

ಇನ್ನು ಕೈಯಾರೆ ಮಾಡುವ ಕೆಲಸದ ಬಗ್ಗೆ. ಪುಟದಲ್ಲಿರುವ ಒಂದೊಂದು ವಾಕ್ಯವನ್ನೂ ಒಂದು ಸಣ್ಣ ಸಿ ಪ್ರೋಗ್ರಾಂ ಬರೆದು ಪರೀಕ್ಷಿಸು. ರೀಡ್ ಕರೆಯ ಪುಟ ಒಂದು ಸಲಕ್ಕೆ ಹೆಚ್ಚೆಂದರೆ 2,14,74,79,552 ಬೈಟ್ ಮಾತ್ರ ಓದುತ್ತದೆ, 64 ಬಿಟ್ ಯಂತ್ರದಲ್ಲಿಯೂ ಅಷ್ಟೇ ಎಂದು ಹೇಳುತ್ತದೆ. ನಂಬಬೇಡ, ದೊಡ್ಡ ಫೈಲ್ ಮಾಡಿ ಓದಿಸಿ ನೋಡು. ಎರರ್ಸ್ ಪಟ್ಟಿಯಲ್ಲಿರುವ ಪ್ರತಿಯೊಂದು ಎರರನ್ನೂ ಬೇಕೆಂದೇ ಬರಿಸು. ಬರಿಸಲು ಆಗದಿದ್ದರೆ ಕರ್ನೆಲ್ ಮೂಲದಲ್ಲಿ ಅದು ಎಲ್ಲಿ ಹುಟ್ಟುತ್ತದೆ ಎಂದು ಹುಡುಕು. ಎಲ್ಲಿಯೂ ಹುಟ್ಟದಿದ್ದರೆ ಆ ಸಾಲು ಯಾವಾಗಲೋ ಸತ್ತಿದೆ, ಯಾವ ಆವೃತ್ತಿಯಲ್ಲಿ ಸತ್ತಿತು ಎಂದು ಗಿಟ್ ಇತಿಹಾಸದಲ್ಲಿ ನೋಡಿ ಬರೆ. ಆವೃತ್ತಿಯ ಸಂಖ್ಯೆ ಊಹೆ ಮಾಡುವುದು ಮಹಾಪಾಪ. ‘ಸಾಮಾನ್ಯವಾಗಿ’ ಎಂಬ ಪದ ನಿನ್ನ ವಾಕ್ಯದಲ್ಲಿ ಬಂದರೆ ಅಲ್ಲಿಯೇ ನಿಲ್ಲು. ಸಾಮಾನ್ಯವಲ್ಲದ್ದು ಯಾವಾಗ, ಅಷ್ಟನ್ನು ಹೇಳದೆ ಮುಂದಕ್ಕೆ ಹೋಗಬೇಡ. ಉದಾಹರಣೆಗೆ ಕೊಟ್ಟ ಪ್ರೋಗ್ರಾಂ ಕಂಪೈಲ್ ಆಗಲೇಬೇಕು, ಅದರಲ್ಲಿ ಪ್ರತಿ ಕರೆಯ ಫಲಿತಾಂಶವನ್ನೂ ಪರೀಕ್ಷಿಸಿರಬೇಕು, ಯಾಕೆಂದರೆ ಜನ ಅದನ್ನು ಇದ್ದಂತೆಯೇ ಎತ್ತಿ ತಮ್ಮ ಪ್ರೋಗ್ರಾಮಿಗೆ ಅಂಟಿಸುತ್ತಾರೆ.

ಪುಟದ ಮೂಲ ಫೈಲಿನಲ್ಲಿ ಪ್ರತಿ ವಾಕ್ಯವನ್ನೂ ಹೊಸ ಸಾಲಿನಲ್ಲಿ ಶುರುಮಾಡು, ಉದ್ದದ ವಾಕ್ಯವನ್ನು ಅಲ್ಪವಿರಾಮದಲ್ಲಿ ಮುರಿ. ಬ್ರಯಾನ್ ಕೆರ್ನಿಗನ್ 1974ರಲ್ಲಿಯೇ ಈ ಸಲಹೆ ಕೊಟ್ಟಿದ್ದರು. ಅಚ್ಚಾಗುವಾಗ ಪುಟ ಜೋಡಿಸುವ ಟ್ರಾಫ್ ಪ್ರೋಗ್ರಾಂ ಆ ಸಾಲುಗಳನ್ನು ಸೇರಿಸಿಕೊಳ್ಳುತ್ತದೆ. ಆದರೆ ಹತ್ತು ವರ್ಷದ ನಂತರ ಯಾರೋ ಒಂದು ವಾಕ್ಯ ತಿದ್ದಿದಾಗ, ಏನು ಬದಲಾಯಿತೆಂಬುದು ಡಿಫ್‌ನಲ್ಲಿ ಸ್ವಚ್ಛವಾಗಿ ಕಾಣುತ್ತದೆ. ತಿದ್ದುಪಡಿಯನ್ನು ಕಳಿಸುವ ಒಂದು ಪ್ಯಾಚಿನಲ್ಲಿ ಒಂದೇ ತಿದ್ದುಪಡಿ ಇರಲಿ. ಕಾಗುಣಿತ ತಿದ್ದುತ್ತಾ ಅರ್ಥವನ್ನೂ ಬದಲಿಸಿ ಒಟ್ಟಿಗೆ ಕಳಿಸಿದರೆ ಪರಿಶೀಲಿಸುವವರ ಕಣ್ಣು ತಪ್ಪುತ್ತದೆ. ಇಂದು ಪುಟ ಜೋಡಿಸುವ ಗ್ರಾಫ್, ಮ್ಯಾನ್‌ಡಾಕ್ ಎರಡರಲ್ಲೂ ಎಚ್ಚರಿಕೆಗಳನ್ನು ತೋರಿಸುವ ಸೌಲಭ್ಯವಿದೆ, ಅವನ್ನು ಓಡಿಸದೆ ಏನನ್ನೂ ಹೊರಗೆ ಕಳಿಸಬೇಡ.

‘ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ’ ಎಂದು ಬರೆದಿದ್ದೀ. ನೋಡವ್ವಾ, ಇದನ್ನು ನೀನು ಕೊರತೆ ಎಂದುಕೊಂಡಿರುವುದು ನನಗೆ ನೋವು ತಂದಿತು. ಯಮನೂರಿನ ಕನ್ನಡ ಶಾಲೆಯಲ್ಲಿ ಕಲಿತು ಹೋದವಳು ನೀನು. ಈ ಪುಟಗಳನ್ನು ಓದುವ ಪ್ರೋಗ್ರಾಮರುಗಳಲ್ಲಿ ಇಂಗ್ಲಿಷ್ ಮನೆಮಾತಲ್ಲದವರು ಲೆಕ್ಕವಿಲ್ಲದಷ್ಟು ಇದ್ದಾರೆ. ಇಂಗ್ಲಿಷಿನಲ್ಲೇ ಬೆಳೆದವನು ಎರಡು ನಿಷೇಧ ಒಂದರೊಳಗೊಂದು ಸೇರಿದ ವಾಕ್ಯವನ್ನು ಸರ್ರನೆ ಓದಿ ದಾಟಿಬಿಡುತ್ತಾನೆ. ನೀನು ಅಲ್ಲಿ ಎಡವುತ್ತೀ. ಎಡವಿದ ಜಾಗಕ್ಕೆ ಗುರುತು ಹಾಕಿಕೋ. ಆ ವಾಕ್ಯವನ್ನು ಎರಡಾಗಿ ಒಡೆ. ಸಿಸ್ಟಂ ಕಾಲಿನ ಹೆಸರು ದಪ್ಪಕ್ಷರದಲ್ಲಿ, ಆರ್ಗ್ಯುಮೆಂಟಿನ ಹೆಸರು ಓರೆಯಕ್ಷರದಲ್ಲಿ, ಒಂದೇ ವಸ್ತುವಿಗೆ ಪುಟದ ತುದಿಯಿಂದ ತುದಿಯವರೆಗೆ ಒಂದೇ ಹೆಸರು. ಅಲಂಕಾರದ ಇಂಗ್ಲಿಷ್ ಇಲ್ಲಿ ಬೇಕೇ ಇಲ್ಲ, ಬಂದರೆ ತೊಂದರೆ.

ನಮ್ಮ ನಾಡಿನಲ್ಲಿ ಇದನ್ನು ಮಾಡಿ ತೋರಿಸಿದವರೂ ಇದ್ದಾರೆ. ಬೆಂಗಳೂರಿನಲ್ಲಿದ್ದು ಫ್ರೀಬಿಎಸ್‌ಡಿಗೆ ಕೆಲಸ ಮಾಡಿದ ಜೋಸೆಫ್ ಕೋಶಿ ಅವರ ಎಚ್‌ಡಬ್ಲ್ಯುಪಿಎಂಸಿ ಎಂಬ ಡ್ರೈವರ್ ಫ್ರೀಬಿಎಸ್‌ಡಿ 6.0ರಲ್ಲಿ ಸೇರಿತು. ಪ್ರೊಸೆಸರಿನೊಳಗೆ ಯಾವ ಘಟನೆ ಎಷ್ಟು ಸಲ ನಡೆಯಿತೆಂದು ಎಣಿಸುವ ಹಾರ್ಡ್‌ವೇರ್ ಕೌಂಟರುಗಳನ್ನು ಬಳಸುವುದಕ್ಕೆ ಅದು. ಅವರು ಎಲ್ಫ್ ಫೈಲುಗಳನ್ನು ಓದುವ ಲೈಬ್ರರಿಯನ್ನೂ ಬರೆದರು. ನಿನಗೆ ನಾನು ತೋರಿಸಬೇಕೆಂದಿರುವುದು ಆ ಕೋಡ್ ಅಲ್ಲ, ಅದರ ಜೊತೆಗೆ ಅವರೇ ಬರೆದಿಟ್ಟ ಮ್ಯಾನ್ ಪೇಜುಗಳು. ಫಂಕ್ಷನ್ನುಗಳಿಗೆ ತಕ್ಕ ಪುಟ, ಬರಬಹುದಾದ ಎರರುಗಳ ಪಟ್ಟಿ, ಇತಿಹಾಸ. ಒಬ್ಬ ಒಳ್ಳೆಯ ಪ್ರೋಗ್ರಾಮರ್ ತನ್ನ ಕೆಲಸ ಯಾವಾಗ ಮುಗಿಯಿತೆಂದು ತಿಳಿಯುತ್ತಾನೆ ಎಂಬುದನ್ನು ಅವುಗಳಲ್ಲಿ ನೋಡಬಹುದು. ಒಂದು ಸಂಜೆ ಕೂತು ಓದು.

ಕನ್ನಡದಲ್ಲಿ ಈ ಪುಟಗಳು ಬೇಕು ಎಂಬ ನಿನ್ನ ಆಸೆ ನನ್ನದೂ ಹೌದು. ಗ್ನೋಮ್, ಕೆಡಿಇ, ಫೈರ್‌ಫಾಕ್ಸ್ ಇವುಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದದ್ದನ್ನು ನೋಡಿ ನಾನು ಹಿಗ್ಗಿದವನು. ಆದರೆ ಅವಸರ ಬೇಡ. ಮ್ಯಾನ್ ಪೇಜನ್ನು ಅನುವಾದಿಸಲು ಪಿಒ4ಎ ಎಂಬ ಸಾಧನವಿದೆ. ಅದು ಪುಟವನ್ನು ಪ್ಯಾರಾ ಪ್ಯಾರಾ ಬಿಡಿಸಿ ಕೊಡುತ್ತದೆ. ಇಂಗ್ಲಿಷ್ ಪ್ಯಾರಾ ಬದಲಾದ ಕೂಡಲೇ ಅದರ ಅನುವಾದವನ್ನು ಅನುಮಾನದ ಪಟ್ಟಿಗೆ ಹಾಕಿ, ಪುಟದಲ್ಲಿ ಮೂಲವನ್ನೇ ತೋರಿಸುತ್ತದೆ. ನೂರಕ್ಕೆ 80 ಭಾಗ ಅನುವಾದವಾಗದ ಪುಟವನ್ನು, ನೀನು ಬೇರೆ ಹೇಳದ ಹೊರತು, ಅದು ಹೊರಗೇ ಬಿಡುವುದಿಲ್ಲ. ಎಂದರೆ ಅನುವಾದವನ್ನೂ ಕಾಯಬೇಕು, ವರ್ಷ ವರ್ಷ. ಇನ್ನೊಂದು ತೊಡಕು ಟರ್ಮಿನಲ್ಲಿನದು. ಅದು ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಮನೆ ಎಂದು ಲೆಕ್ಕ ಹಾಕುವುದರಿಂದ ನಮ್ಮ ಒತ್ತಕ್ಷರಗಳು ಬಹಳ ಟರ್ಮಿನಲ್‌ಗಳಲ್ಲಿ ಒಡೆದು ಕಾಣುತ್ತವೆ. ಇದನ್ನು ಸರಿಪಡಿಸುವುದೇ ಒಂದು ದೊಡ್ಡ ಸೇವೆ, ನಿನ್ನ ತರಗತಿಯಲ್ಲಿ ಯಾರಿಗಾದರೂ ಪ್ರಾಜೆಕ್ಟಿಗೆ ವಿಷಯ ಬೇಕಿದ್ದರೆ ಹೇಳು. ನೀನಂತೂ ಸಾವಿರ ಪುಟ ಕನ್ನಡಕ್ಕೆ ತರುತ್ತೇನೆಂದು ಹೊರಡಬೇಡ. ನಿನ್ನಿಂದ ಕಾಯಲು ಆಗುವ ಹತ್ತು ಪುಟ ತಾ. ಹಳಸಿದ ನೂರು ಕನ್ನಡ ಪುಟಗಳು ನಮ್ಮ ಹುಡುಗರನ್ನು ದಾರಿ ತಪ್ಪಿಸುತ್ತವೆ, ‘ಕನ್ನಡದಲ್ಲಿ ಓದಿದರೆ ಹೀಗೇ’ ಎಂಬ ಕೆಟ್ಟ ಹೆಸರೂ ಅಂಟುತ್ತದೆ.

ಹಣದ ಮಾತನ್ನೂ ಆಡಲೇಬೇಕು, ಹಿರಿಯರು ಇದನ್ನು ಮುಚ್ಚಿಡಬಾರದು. ಲಿನಕ್ಸ್ ಪುಟಗಳನ್ನು 1993ರಲ್ಲಿ ರಿಕ್ ಫೇತ್ ನೋಡಿಕೊಳ್ಳತೊಡಗಿದರು, 1995ರಿಂದ ಆಂಡ್ರೀಸ್ ಬ್ರೌವರ್, 2004ರಿಂದ ಮೈಕೆಲ್ ಕೆರಿಸ್ಕ್, 2020ರಲ್ಲಿ ಅಲೆಹಾಂಡ್ರೊ ಕೊಲೊಮಾರ್ ಜೊತೆಗೂಡಿ ಆಮೇಲೆ ಹೊಣೆಯನ್ನೆಲ್ಲ ಹೊತ್ತರು. ಇಷ್ಟು ವರ್ಷಕ್ಕೆ ಬೆರಳಲ್ಲಿ ಎಣಿಸುವಷ್ಟು ಜನ. 2024ರ ಸೆಪ್ಟೆಂಬರಿನಲ್ಲಿ ಕೊಲೊಮಾರ್, ಸಂಬಳವಿಲ್ಲದೆ ಇನ್ನು ಮುಂದುವರಿಸಲಾರೆ, ಕೆಲಸ ನಿಲ್ಲಿಸುತ್ತಿದ್ದೇನೆ ಎಂದು ಪ್ರಕಟಿಸಬೇಕಾಯಿತು. ಜಗತ್ತಿನ ಎಷ್ಟೋ ಸರ್ವರುಗಳು ನಿಂತಿರುವ ವ್ಯವಸ್ಥೆಯ ಕೈಪಿಡಿಗೆ ಒಬ್ಬ ಮನುಷ್ಯನ ಸಂಬಳ ಹುಟ್ಟಲಿಲ್ಲ. ಆಮೇಲೆ ಕೆಲವು ಕಂಪನಿಗಳು ಹಣ ಕೂಡಿಸಿದವು, ಕೆಲಸ ಮುಂದುವರಿಯಿತು. ಅವರು ಹಾಗೆ ಬಾಯಿಬಿಟ್ಟು ಹೇಳಿದ್ದು ಸರಿಯಾಗಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದ ನೌಕರಿ ಹಿಡಿ. ಅಪ್ಪನ ಹೊಲದ ಸಾಲ ಇನ್ನೂ ಇದೆ ಎಂಬುದನ್ನು ನೀನೂ ಬಲ್ಲೆ, ನಾನೂ ಬಲ್ಲೆ. ಸಂದರ್ಶನದಲ್ಲಿ ಕೂತಾಗ ಪುಟದ ಕೆಲಸವನ್ನು ಸಣ್ಣ ದನಿಯಲ್ಲಿ ಹೇಳಬೇಡ. ನಿನ್ನ ಹೆಸರಿನ ಪ್ಯಾಚುಗಳನ್ನು ತೆರೆದು ತೋರಿಸು. ನೌಕರಿಗೆ ಸೇರಿದ ಮೇಲೆ ಆಫೀಸಿನ ಹೊತ್ತಿನಲ್ಲಿ ಇದಕ್ಕೆ ಸಮಯ ಕೊಡಿ ಎಂದು ಧೈರ್ಯವಾಗಿ ಕೇಳು. ದೇಹ ದಣಿದ ವಾರ ಬಿಟ್ಟುಬಿಡು, ಪುಟ ಓಡಿಹೋಗುವುದಿಲ್ಲ. ಪೂರ್ತಿ ಬಿಡುವ ಕಾಲ ಬಂದರೆ ಮುಂಚಿತವಾಗಿ ತಿಳಿಸಿ, ಇನ್ನೊಬ್ಬರಿಗೆ ಕಲಿಸಿ ಬಿಡು.

ಈಗ ಶುರು ಮಾಡುವುದು ಹೇಗೆ ಎಂದು ಕೇಳಿದ್ದೀ. ದೊಡ್ಡ ಪುಟ ಬೇಡ. ನೀನು ಹೋದ ತಿಂಗಳು ಪ್ರಾಜೆಕ್ಟಿನಲ್ಲಿ ನಿಜವಾಗಿ ಬಳಸಿದ ಮೂರು ಕರೆಗಳ ಪುಟಗಳನ್ನು ತೆಗೆ. ನಿನ್ನ ಯಂತ್ರದಲ್ಲಿರುವುದು ಹಳೆಯ ಪ್ರತಿಯಾಗಿರಬಹುದು, ಮೂಲವನ್ನು ಗಿಟ್‌ನಿಂದ ಇಳಿಸಿಕೊಂಡು ಅಲ್ಲಿ ಈಗಾಗಲೇ ತಿದ್ದಿದ್ದಾರೆಯೇ ಎಂದು ಮೊದಲು ನೋಡು. ಪ್ಯಾಚಿನ ಜೊತೆಗೆ ಯಾಕೆ ತಿದ್ದಿದೆ, ಯಾವ ಕರ್ನೆಲ್ ಆವೃತ್ತಿಯಲ್ಲಿ ಪರೀಕ್ಷಿಸಿದೆ, ಪರೀಕ್ಷೆಯ ಪ್ರೋಗ್ರಾಂ ಯಾವುದು, ಮೂರನ್ನೂ ಬರೆ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಸೌಜನ್ಯದಿಂದ ನೆನಪಿಸು. ತಿದ್ದಿ ಕಳಿಸು ಎಂದು ಮರಳಿ ಬಂದರೆ ಅದನ್ನು ಬೈಗುಳವೆಂದು ತಿಳಿಯದೆ ಎರಡನೇ ಆವೃತ್ತಿ ಎಂದು ಗುರುತು ಹಾಕಿ ಮತ್ತೆ ಕಳಿಸು. ಮೊದಲ ಪ್ಯಾಚ್ ಕಳಿಸುವ ಮುನ್ನ ನನಗೊಂದು ಪ್ರತಿ ಹಾಕು. ಕಣ್ಣು ಮಂಜಾಗಿದ್ದರೂ ಡಿಫ್ ಓದುವುದನ್ನು ನಾನು ಬಿಟ್ಟಿಲ್ಲ.

ನಿನ್ನ ದೊಡ್ಡಪ್ಪ
ಯಮನೂರು, ನವಲಗುಂದ ತಾಲೂಕು